ಬೇಟೆಗೆ ಹೊರಟವನನ್ನು ಎಲ್ಲಿಗೆಂದು ಕೇಳುವುದು

ಬೇಟೆಗೆ ಹೊರಟವನನ್ನು ಎಲ್ಲಿಗೆ ಎಂದು ಕೇಳಬಾರದು. ನಮ್ಮ ಊರಿನಲ್ಲಿ ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ಆದರೂ ಎಲ್ಲರಿಗೂ ಗೊತ್ತು. ಕೇಳಿದರೆ ಕಾಡಿಗೆ ಕೇಳಿಸುತ್ತದೆ, ಕಾಡಿಗೆ ಕೇಳಿಸಿದರೆ ಮಿಕ ಸಿಗುವುದಿಲ್ಲ. ಹೆಂಡತಿಯೂ ಕೇಳುವುದಿಲ್ಲ, ತಾಯಿಯೂ ಕೇಳುವುದಿಲ್ಲ. ಬುತ್ತಿ ಕಟ್ಟಿ ಕೈಗೆ ಕೊಟ್ಟು ಒಲೆಯ ಕಡೆ ತಿರುಗಿಬಿಡುತ್ತಾರೆ. ದಾರಿಯಲ್ಲಿ ಎದುರಾದವರು ಹೆಗಲ ಮೇಲಿನ ಕೋವಿ ಕಾಣಿಸದವರ ಹಾಗೆ ಬೇರೇನೋ ಮಾತಾಡುತ್ತಾರೆ. ಈ ಸಲ ಚಳಿ ಜಾಸ್ತಿ, ಹಂದಿಗೆ ಸೊಪ್ಪು ಸಾಲದು, ಇಂಥವು. ಇಬ್ಬರು ಬೇಟೆಗಾರರೇ ಊರಬಾಗಿಲಲ್ಲಿ ಮುಖಾಮುಖಿಯಾದರೂ ಒಬ್ಬನ ದಾರಿ ಇನ್ನೊಬ್ಬನಿಗೆ ಬೇಡ.

ಮೂರು ಚಳಿಗಾಲದ ಹಿಂದೆ ಅಪ್ಪ ಹೊರಟಾಗ ಅವ್ವ ಕೇಳಲಿಲ್ಲ. ಅದೇ ಬೆಳಗ್ಗೆ ಮೇಲಿನ ಕೇರಿಯಲ್ಲಿ ಅಪ್ಪನ ಗೆಳೆಯ ವಿಸೊ ಮಾವ ಹೊರಟಾಗ ಅವರ ಹೆಂಡತಿಯೂ ಕೇಳಲಿಲ್ಲ.

ಅಪ್ಪನ ಹೆಸರು ಮೆಡೊ. ಎಲೆ ಊದುವುದರಲ್ಲಿ ಅಪ್ಪ ಮತ್ತು ವಿಸೊ ಮಾವ ಇಬ್ಬರನ್ನು ಬಿಟ್ಟರೆ ಮೂರನೆಯವನ ಹೆಸರು ಊರಿನಲ್ಲಿ ಯಾರ ಬಾಯಿಗೂ ಬರುತ್ತಿರಲಿಲ್ಲ. ಎಳೆಯ ಎಲೆಯೊಂದನ್ನು ಮಡಿಸಿ ತುಟಿಗಳ ನಡುವೆ ಇಟ್ಟು ಊದಿದರೆ, ತಾಯಿಯನ್ನು ಕಾಣದ ಕಾಡುಕುರಿಯ ಮರಿ ಅಳುವ ಸದ್ದು ಬರುತ್ತದೆ. ಅದನ್ನು ಕೇಳಿ ದೊಡ್ಡ ಕಾಡುಕುರಿ ಪೊದೆಯಿಂದ ಪೊದೆಗೆ ದಾಟುತ್ತಾ ಹತ್ತಿರ ಬರುತ್ತದೆ. ಕೆಲವು ಸಲ ತಾನೂ ಅದೇ ಸಣ್ಣ ದನಿಯಲ್ಲಿ ಓಗೊಡುತ್ತದೆ. ಬೆದರಿದರೆ ಮಾತ್ರ ಈ ಸಣ್ಣ ಜಿಂಕೆ ನಾಯಿಯ ಹಾಗೆ ಬೊಗಳುತ್ತದೆ.

ಆ ದಿನ ಇಬ್ಬರೂ ಹೋಗಿದ್ದು ಮೂಡಣ ಗುಡ್ಡಕ್ಕೆ, ಒಬ್ಬರು ಈ ಮಗ್ಗುಲಿನಿಂದ, ಇನ್ನೊಬ್ಬರು ಆ ಮಗ್ಗುಲಿನಿಂದ. ಅಪ್ಪ ಎಲೆ ಊದಿದರು. ಅದನ್ನು ಕೇಳಿದ ವಿಸೊ ಮಾವ ತಾವೂ ಊದಿದರು. ಅಪ್ಪ ಅದಕ್ಕೆ ಓಗೊಟ್ಟರು. ಹಾಗೆ ಒಬ್ಬರನ್ನೊಬ್ಬರು ಕರೆಯುತ್ತಾ, ಒಬ್ಬರಿಗೊಬ್ಬರು ಹತ್ತಿರವಾಗುತ್ತಾ, ಬೆಳಗಿನ ಅಷ್ಟೂ ಹೊತ್ತು ಇಬ್ಬರೂ ಬಾಗಿ ನಡೆದಿದ್ದಾರೆ. ಕೊನೆಗೆ ಬಿದಿರಮೆಳೆಯ ಆಚೆ ಏನೋ ಕಂದು ಬಣ್ಣದ್ದು ಅಲುಗಿತು. ವಿಸೊ ಮಾವ ಹೊಡೆದರು. ಅದು ಅಪ್ಪನ ಹೊದಿಕೆ.

ಗುಡ್ಡದಿಂದ ಗದ್ದೆಯವರೆಗೂ ಅಪ್ಪನನ್ನು ವಿಸೊ ಮಾವನೇ ಬೆನ್ನ ಮೇಲೆ ಹೊತ್ತು ತಂದರು. ಗದ್ದೆ ತಲುಪುವುದರೊಳಗೆ ಅಪ್ಪ ಇರಲಿಲ್ಲ.

ಊರ ಹಿರಿಯರು ಕೂತು ಇದು ಯಾರೂ ಬೇಕೆಂದು ಮಾಡಿದ್ದಲ್ಲ ಎಂದರು. ಪಾದ್ರಿಗಳೂ ಅದನ್ನೇ ಹೇಳಿದರು. ಅವ್ವ ಹೌದೆಂದು ತಲೆಯಾಡಿಸಿದಳು. ವಿಸೊ ಮಾವ ತಮ್ಮ ಕೋವಿಯನ್ನು ಹಿರಿಯರ ಮುಂದೆ ನೆಲದ ಮೇಲೆ ಇಟ್ಟು ಎದ್ದು ಹೋದವರು ಮತ್ತೆ ಕೋವಿ ಮುಟ್ಟಲಿಲ್ಲ, ನಮ್ಮ ಹೊಸಿಲೂ ತುಳಿಯಲಿಲ್ಲ. ಯಾರೂ ಅವರನ್ನು ದೂರವಿಟ್ಟಿರಲಿಲ್ಲ. ಅವರೇ ಬಳಸುದಾರಿ ಹಿಡಿದರು. ಚರ್ಚಿನಲ್ಲಿ ಕೊನೆಯ ಸಾಲಿನಲ್ಲಿ ಕೂತು, ಕೊನೆಯ ಹಾಡು ಮುಗಿಯುವ ಮುಂಚೆಯೇ ಹೊರಟುಬಿಡುತ್ತಿದ್ದರು. ಅಪ್ಪನಿದ್ದಾಗ ದಿನಾ ಸಂಜೆ ನಮ್ಮ ಒಲೆಯ ಮುಂದೆ ಕೂತು, ನನ್ನ ಬಟ್ಟಲಿನ ಮಾಂಸದ ಚೂರನ್ನು ಕದ್ದ ಹಾಗೆ ಮಾಡಿ ನಗಿಸುತ್ತಿದ್ದವರು ಅವರು.

ಅಪ್ಪನ ಕೋವಿ ಒಲೆಯ ಮೇಲಿನ ಅಟ್ಟದಲ್ಲಿ, ಹೊಗೆಗೆ ಕಟ್ಟಿದ ಹಂದಿಮಾಂಸದ ಪಕ್ಕದಲ್ಲಿ ನೇತಾಡುತ್ತಿತ್ತು.

ಕಳೆದ ಚಳಿಗಾಲಕ್ಕೆ ನನ್ನ ತಮ್ಮ ನೈಬೊಗೆ ಇಪ್ಪತ್ತು ತುಂಬಿತು. ನಮ್ಮಲ್ಲಿ ಒಂದೇ ವಯಸ್ಸಿನ ಗಂಡುಮಕ್ಕಳು ಒಂದು ತಂಡ. ಗದ್ದೆ ಕೆಲಸಕ್ಕೂ ಹಾಡಿಗೂ ಊಟಕ್ಕೂ ಅವರೆಲ್ಲ ಜೊತೆ. ಚಳಿಗಾಲದ ಕೊನೆಗೆ ಬರುವ ಸೆಕ್ರೆನಿ ಹಬ್ಬದ ಊಟಕ್ಕೆ ಈ ಸಲ ಒಬ್ಬೊಬ್ಬರೂ ಕಾಡಿನಿಂದ ಏನಾದರೂ ತರಬೇಕು ಎಂದು ಆ ತಂಡದವರು ಮಾತಾಡಿಕೊಂಡರು. ಊರಿನ ಸಭೆ ಈಗ ಬೇಟೆಗೆ ಚಳಿಗಾಲದ ಕೆಲವೇ ವಾರ ಬಿಟ್ಟಿದೆ. ಹಾಗಾಗಿ ಹುಡುಗರಿಗೆಲ್ಲ ಅವಸರ.

ಅವರಲ್ಲಿ ಥೆಜಾ ಎಂಬವನು ಬಾಯಿಬಡುಕ. ನೈಬೊನ ಪ್ರಾಣಸ್ನೇಹಿತನೂ ಅವನೇ. ಒಂದು ಮಧ್ಯಾಹ್ನ ನಮ್ಮ ಒಲೆಯ ಮುಂದೆ ಕೈ ಕಾಯಿಸುತ್ತಾ ಮೇಲೆ ನೋಡಿದ.

"ಏನಪ್ಪಾ ನೈಬೊ, ನಿಮ್ಮನೇಲಿ ಕೋವೀನೂ ಹೊಗೆಗೆ ಕಟ್ಟಿದೀರಲ್ಲ. ಚೆನ್ನಾಗಿ ಒಣಗಿದ್ಮೇಲೆ ಬಿದಿರ ಕಳಲೆ ಜೊತೆ ಬೇಯಿಸ್ತೀರಾ?"

"ನಿನ್ನ ನಾಲಿಗೆ ಕಟ್ಟಬೇಕಾಗಿತ್ತು ಅಲ್ಲಿ," ಎಂದ ನೈಬೊ.

"ಕಟ್ಟು. ಹಬ್ಬದ ದಿನ ನೀನು ತರೋ ಬದನೇಕಾಯಿ ಜೊತೆ ಅದೇ ಆಗುತ್ತೆ."

ಥೆಜಾ ಹೋದ ಮೇಲೆ ನೈಬೊ ಮುಕ್ಕಾಲಿ ಹತ್ತಿ ಕೋವಿ ಇಳಿಸಿದ. ಕೊಳವೆಯ ಬಾಯಿಂದ ಮದ್ದು ತುಂಬುವ ಹಳೆಯ ನಾಡಕೋವಿ. ಅವ್ವ ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು.

"ಹೋಗು," ಅಂದಳು. "ಬೇಡ ಅನ್ನಲ್ಲ. ಬೇಡ ಅಂದ್ರೆ ಕದ್ದು ಹೋಗ್ತೀಯ. ಆದ್ರೆ ವಿಸೊ ಹತ್ರ ಕಲಿತ್ಮೇಲೆ ಹೋಗು."

ನೈಬೊ ಕೋವಿ ಹಿಡಿದುಕೊಂಡೇ ನಿಂತಿದ್ದ. "ಅಪ್ಪನ್ನ ಹೊಡೆದವನ ಹತ್ರ ಕಲೀಬೇಕಾ ನಾನು?"

"ಹ್ಞೂಂ. ತಪ್ಪು ಯಾವ ಜಾಗದಲ್ಲಿ ಆಗುತ್ತೆ ಅಂತ ಈ ಊರಲ್ಲಿ ಅವನೊಬ್ಬನಿಗೇ ಗೊತ್ತು. ಉಳಿದೋರೆಲ್ಲ ಗೊತ್ತು ಅಂದ್ಕೊಂಡಿದಾರೆ." ಅವ್ವ ಮತ್ತೆ ಮೊರ ತೊಡೆಯ ಮೇಲಿಟ್ಟುಕೊಂಡಳು. "ಒಂದು ಹೆಣ ಆ ಗುಡ್ಡದಿಂದ ಇಳಿದು ಬಂತು. ಇನ್ನೊಂದನ್ನ ನಾನು ನೋಡಲ್ಲ. ಅಸೆನೊ, ನೀನು ಹೋಗಿ ಅವನನ್ನ ಕೇಳ್ಕೊಂಡು ಬಾ."

ನಾನು ಮಾತಿನವಳಲ್ಲ. ಕೊಹಿಮಾದ ಕಾಲೇಜಿನಲ್ಲಿ ಓದಿ ಡಿಗ್ರಿ ತಂದಿದ್ದೇನೆ, ಆದರೆ ಹಾಜರಿ ಕೂಗುವಾಗ ನಾನು ಹೇಳುವ ಉತ್ತರ ಒಮ್ಮೆಯೂ ಮೊದಲ ಸಲಕ್ಕೆ ಮೇಷ್ಟ್ರಿಗೆ ಕೇಳಿಸಿದ್ದಿಲ್ಲ. ಆಡಬೇಕಾದ್ದನ್ನೆಲ್ಲ ದಿನಚರಿಯಲ್ಲಿ ಬರೆದುಕೊಂಡು ಮಲಗುವುದು ಅಭ್ಯಾಸ. ನನ್ನನ್ನೇ ಯಾಕೆ ಕಳಿಸುತ್ತೀಯ ಎಂದು ಕೇಳುವುದಕ್ಕೂ ನನಗೆ ಬಾಯಿ ಬರಲಿಲ್ಲ.

ವಿಸೊ ಮಾವ ತಮ್ಮ ಗದ್ದೆಯಲ್ಲಿ ಗುದ್ದಲಿ ಹಿಡಿದು ಬದು ಕಟ್ಟುತ್ತಿದ್ದರು. ನಾನು ಮೇಲಿನ ಮೆಟ್ಟಿಲಗದ್ದೆಯ ಅಂಚಿನಲ್ಲಿ ನಿಂತೆ. ಅವರು ಬೆನ್ನು ಹಾಕಿದ್ದರು. ಕರೆಯಬೇಕು, ಹೇಗೆ ಕರೆಯಲಿ ಎಂದುಕೊಳ್ಳುತ್ತಲೇ ಬಹಳ ಹೊತ್ತಾಯಿತು.

"ಎಷ್ಟೊತ್ತು ನಿಂತಿರ್ತೀಯ, ಅಸೆನೊ?" ಎಂದರು, ತಿರುಗದೆಯೇ.

"ಈಗಷ್ಟೇ ಬಂದೆ ಮಾವ."

"ಸುಳ್ಳು. ಕೂಳೆ ತುಳಿದ ಸದ್ದು ಆಗ್ಲೇ ಬಂದಿತ್ತು. ನಿನ್ನ ಕಾಲು ನಿಮ್ಮಪ್ಪನ ಕಾಲಿನ ಹಾಗೇ, ಹಿಮ್ಮಡಿ ಮೊದಲು."

ಅವ್ವ ಹೇಳಿದ್ದನ್ನು ಹೇಳಿದೆ. ಅವರು ಗುದ್ದಲಿಯ ಮಣ್ಣನ್ನು ಬೆರಳಿನಿಂದ ಸವರಿ ತೆಗೆದರು.

"ಬೇರೆ ಯಾರಾದ್ರೂ ಕಲಿಸ್ತಾರೆ. ನಾನು ಕೋವಿ ಮುಟ್ಟಲ್ಲ."

"ಮುಟ್ಟೋದು ಬೇಡವಂತೆ. ಬಾಯಲ್ಲಿ ಹೇಳಿದ್ರೆ ಸಾಕಂತೆ." ಅವ್ವ ಹಾಗೇನೂ ಅಂದಿರಲಿಲ್ಲ. ಅದು ನನ್ನ ಬಾಯಿಂದ ತಾನಾಗಿ ಬಂತು.

"ಅವಳೇ ಹೇಳಿದ್ಲಾ?"

"ಹ್ಞೂಂ."

"ನನ್ನ ಹೆಸರು ಹಿಡಿದು?"

"ಹ್ಞೂಂ. ವಿಸೊ ಅಂತಾನೇ ಅಂದ್ಲು."

ಅವರು ಮತ್ತೆ ಬದುವಿನ ಕಡೆ ತಿರುಗಿದರು. ಎರಡು ಗುದ್ದಲಿ ಮಣ್ಣು ಎತ್ತಿ ಹಾಕಿ, ಅದನ್ನು ಕಾಲಿನಿಂದ ತುಳಿದು ಗಟ್ಟಿ ಮಾಡಿದರು. "ನಿಮ್ಮ ಮನೆಗೆ ಬರಲ್ಲ ನಾನು. ಅವನನ್ನ ಇಲ್ಲಿಗೆ ಕಳಿಸು. ನೀನೂ ಬಾ."

"ನಾನ್ಯಾಕೆ ಮಾವ?"

"ಹೇಳಿದ್ದನ್ನ ಅವನು ಮರೀತಾನೆ. ನೀನು ಮರೆಯೋಳಲ್ಲ."

ಮಾರನೆಯ ದಿನ ನೈಬೊ ಕೋವಿ ಹೆಗಲಿಗೆ ಹಾಕಿಕೊಂಡು ಹೋದ. ವಿಸೊ ಮಾವ ಅದನ್ನು ಗುಡಿಸಲಿನ ಗೋಡೆಗೆ ಒರಗಿಸಲು ಹೇಳಿ, ಕೋವಿಯಷ್ಟೇ ಉದ್ದದ ಒಂದು ಬಿದಿರು ಕೊಟ್ಟರು. ಇದನ್ನು ಹೊತ್ತುಕೊಂಡು ಗದ್ದೆ ಸುತ್ತು ಎಂದರು. ಥೆಜಾ ಕೂಡ ಬಂದಿದ್ದ, ನೋಡಿ ನಗುವುದಕ್ಕೆ. ನೈಬೊ ಹುಬ್ಬು ಗಂಟಿಕ್ಕಿಕೊಂಡು ಒಂದು ಸುತ್ತು ಬಂದ. ನಮ್ಮ ಹತ್ತಿರ ಬಂದು ತಿರುಗುವಾಗ ಬಿದಿರಿನ ತುದಿ ನನ್ನ ಎದೆಯ ಮುಂದೆ ಹಾದು ಹೋಯಿತು.

"ಈಗ ನಿಮ್ಮಕ್ಕ ಸತ್ತಳು," ಎಂದರು ವಿಸೊ ಮಾವ. ದನಿ ಏರಿರಲಿಲ್ಲ.

ನೈಬೊ ಬೆಚ್ಚಿ ಬಿದಿರನ್ನು ಆ ಕಡೆ ತಿರುಗಿಸಿದ.

"ಈಗ ಥೆಜಾ."

ಥೆಜಾ ಎದೆ ಹಿಡಿದುಕೊಂಡು ಕೂಳೆಯ ಮೇಲೆ ಬಿದ್ದುಬಿಟ್ಟ. "ನನ್ನ ಹೆಣ ಊರಿಗೆ ನೀನೇ ಹೊರಬೇಕು ನೋಡು ನೈಬೊ. ಬೆಳಗ್ಗೆ ಎರಡು ತಟ್ಟೆ ಅನ್ನ ತಿಂದಿದೀನಿ. ಬೆನ್ನು ಮುರಿಯುತ್ತೆ ನಿಂಗೆ."

ಅಂದ ಮೇಲೆ ಅವನಿಗೇ ಗೊತ್ತಾಯಿತು. ಮಲಗಿದಲ್ಲೇ ಕಣ್ಣು ಬಿಟ್ಟು ಆಕಾಶ ನೋಡುತ್ತಿದ್ದ. ಏಳುವುದು ಹೇಗೆಂದು ತಿಳಿಯಲಿಲ್ಲ ಅನ್ನಿಸುತ್ತದೆ. ವಿಸೊ ಮಾವ ಹೋಗಿ ಅವನ ಕೈ ಹಿಡಿದು ಎಬ್ಬಿಸಿದರು.

"ಹೌದು, ಭಾರ ಇರುತ್ತೆ," ಎಂದರು. "ಕೋವಿಗೂ ಒಂದು ಬಾಯಿ. ಅದು ಎತ್ತ ನೋಡ್ತಿದೆ ಅನ್ನೋದು ಉಣ್ಣುವಾಗ್ಲೂ ಉಚ್ಚೆ ಹೊಯ್ಯುವಾಗ್ಲೂ ಗೊತ್ತಿರ್ಬೇಕು. ತುಂಬಿಲ್ಲ ಅಂತ ಗೊತ್ತಿದ್ರೂ ಗೊತ್ತಿರ್ಬೇಕು. ಇನ್ನೊಂದು ಸುತ್ತು."

ಆಮೇಲಿನ ದಿನಗಳೆಲ್ಲ ಹೀಗೇ. ಗದ್ದೆಯ ಅಂಚು ಹತ್ತುವ ಮುಂಚೆ, ಬೇಲಿ ದಾಟುವ ಮುಂಚೆ ಮದ್ದಿಗೆ ಕಿಡಿ ಕೊಡುವ ಕೇಪು ತೆಗೆದು ಜೇಬಿಗೆ. ಕೂರುವ ಜಾಗ ತಲುಪಿದ ಮೇಲೆಯೇ ಮತ್ತೆ ಕೇಪು. ಮಿಕ ಕಾಣುವವರೆಗೂ ಬೆರಳು ಗುಂಡು ಹಾರಿಸುವ ಕೀಲಿನ ಹತ್ತಿರ ಸುಳಿಯಬಾರದು. ಹಿಂದಕ್ಕೆ ಎಳೆದ ಕುದುರೆಯನ್ನು, ಅಂದರೆ ಕೇಪಿಗೆ ಬಡಿಯುವ ಕೊಕ್ಕೆಯನ್ನು, ಹೆಬ್ಬೆರಳಿನಿಂದ ತಡೆದು ಮೆಲ್ಲಗೆ ಇಳಿಸುವುದನ್ನು, ಕೇಪಿಲ್ಲದ ಖಾಲಿ ಕೋವಿಯಲ್ಲಿ, ಬೆರಳು ಕೆಂಪಾಗುವವರೆಗೂ ಮಾಡಿಸಿದರು. ಈಡು ಆಗದೆ, ಅಂದರೆ ಗುಂಡು ಹಾರಿಸದೆ ಬಂದರೆ ಮದ್ದು ಉಳಿಯಲಿ ಎಂದು ತುಂಬಿದ ಕೋವಿಯನ್ನೇ ತಂದು ಒಲೆಯ ಮೇಲೆ ನೇತುಹಾಕುವುದು ನಮ್ಮೂರಿನ ರೂಢಿ. "ಅದು ಬೇಡ. ಗದ್ದೆ ಹಿಂದಿನ ಗೋಡೆಯಂಥ ಮಣ್ಣಿನ ಧರೆಗೆ ಹೊಡೆದು ಖಾಲಿ ಮಾಡಿ ತಾ. ಒಲೆ ಮುಂದೆ ಮಕ್ಕಳು ಕೂತಿರ್ತಾರೆ." ನಮ್ಮ ಮನೆಯಲ್ಲಿ ಮಕ್ಕಳಿರಲಿಲ್ಲ, ನಾವೇ. ಆ ಒಲೆಯ ಮುಂದೆ ಕೂತಿರುತ್ತಿದ್ದ ಚಿಕ್ಕಂದಿನ ನಮ್ಮಿಬ್ಬರನ್ನೇ ನೆನೆದು ಅವರು ಹೇಳಿದರೆಂದು ನನಗೆ ತಿಳಿಯಿತು.

ಅವರು ಇಷ್ಟೆಲ್ಲ ಹೇಳುವಾಗಲೂ ಕೋವಿಯನ್ನು ಒಮ್ಮೆಯೂ ಮುಟ್ಟಲಿಲ್ಲ. ಎಲ್ಲಿ ಹಿಡಿಯಬೇಕು ಎಂದು ತೋರಿಸುವಾಗ ಬಿದಿರಿನ ಮೇಲೆ ತೋರಿಸುತ್ತಿದ್ದರು.

ಹೊದಿಕೆಯ ಮಾತು ಬಂದಾಗ ಅವ್ವ ಪೆಟ್ಟಿಗೆಯಿಂದ ಕೆಂಪು ಬಟ್ಟೆ ತೆಗೆದು ಕಳಿಸಿದ್ದಳು. ವಿಸೊ ಮಾವ ಬೇಡವೆಂದು ತಲೆಯಾಡಿಸಿದರು. "ಕಾಡುಕುರಿ ಮೈ ಕೆಂಪು. ಬಾಲದ ಕೆಳಗೆ ಬಿಳಿ. ಕಪ್ಪು ಕಂದು ಎಲ್ಲ ಪೊದೆ ಬಣ್ಣ. ಕಾಡಲ್ಲಿ ಯಾವ ಪ್ರಾಣಿಗೂ ಇಲ್ಲದ ಬಣ್ಣ ಬೇಕು." ಅದನ್ನು ಹೇಳಿದಾಗ ಅವ್ವ ಸೌದೆ ಮುಚ್ಚಿದ್ದ ನೀಲಿ ಟಾರ್ಪಾಲನ್ನು ಕತ್ತರಿಸಿ ನೈಬೊನ ಅಂಗಿಯ ಹೆಗಲಿಗೂ ಬೆನ್ನಿಗೂ ಹೊಲಿದಳು. ಉಳಿದ ತುಂಡಿನಲ್ಲಿ ಟೋಪಿ.

"ಮಳೆ ಬಂದ್ರೆ ನಿನ್ನ ಕೆಳಗೆ ನಿಲ್ತೀನಿ ಕಣೋ," ಎಂದ ಥೆಜಾ. ನೈಬೊ ಮೂರು ದಿನ ಅವನ ಜೊತೆ ಮಾತು ಬಿಟ್ಟ. ಆದರೆ ಉಳಿದ ಟಾರ್ಪಾಲಿನ ಒಂದು ಪಟ್ಟಿಯನ್ನು ಥೆಜಾ ನಮ್ಮ ಅವ್ವನಿಂದ ಗುಟ್ಟಾಗಿ ಕೇಳಿ ಪಡೆದದ್ದು ನನಗೆ ಗೊತ್ತು.

ಎಲೆಯ ಪಾಠ ಕೊನೆಯಲ್ಲಿ ಬಂತು. ಅದಕ್ಕೆ ನೈಬೊಗೆ ಪಾಠವೇ ಬೇಕಾಗಿರಲಿಲ್ಲ. ಚಿಕ್ಕಂದಿನಿಂದ ಅಪ್ಪನನ್ನು ನೋಡಿದವನು. ಎಲೆ ಮಡಿಸಿ, ಕಣ್ಣು ಅರ್ಧ ಮುಚ್ಚಿ ಊದಿದ. ಕಾಡುಕುರಿಯ ಮರಿ ಗದ್ದೆಯ ಮಧ್ಯದಲ್ಲಿ ನಿಂತು ಅತ್ತ ಹಾಗಾಯಿತು. ಕೊನೆಯಲ್ಲಿ ದನಿ ಚೂರು ಒಡೆದು ಮೇಲೆ ಹೋಗುವುದು ಸಹ ಅಪ್ಪನದೇ. ವಿಸೊ ಮಾವ ಬದುವಿನ ಮೇಲೆ ಕೂತುಬಿಟ್ಟರು.

"ಕೇಳು," ಎಂದರು ಆಮೇಲೆ. "ಎಲೆ ಊದಿದ್ಮೇಲೆ ಕಾಡುಕುರಿ ಸದ್ದಿಲ್ಲದೆ ಬಂದು ಬಯಲಲ್ಲಿ ನಿಂತು, ಕಿವಿ ಕತ್ತು ನಾಲ್ಕು ಕಾಲೂ ನಿನ್ನ ಕಣ್ಣಿಗೆ ಕಂಡ್ರೆ, ಅದರ ಹಿಂದೆ ಏನಿದೆ ಅಂತ್ಲೂ ಕಂಡ್ರೆ, ಹೊಡಿ. ಅಲುಗಿದ್ದಕ್ಕೆ ಹೊಡೀಬೇಡ. ಬಣ್ಣಕ್ಕೆ ಹೊಡೀಬೇಡ. ಇನ್ನು ಅದು ಓಗೊಟ್ರೆ..."

"ಓಗೊಟ್ರೆ ಒಳ್ಳೇದಲ್ವಾ? ಹತ್ರ ಬರುತ್ತೆ."

"ಓಗೊಟ್ರೆ ಎಲೆ ಉಗಿ. ಕುದುರೆ ಇಳಿಸು. ಬಾಯಿ ಬಿಟ್ಟು ಕೂಗು. ನಾನು ಮೆಡೊನ ಮಗ ನೈಬೊ, ಅಲ್ಲಿ ಯಾರು, ಅಂತ."

ಆ ಹೆಸರನ್ನು ಅವರ ಬಾಯಲ್ಲಿ ಕೇಳಿ ಎರಡು ವರ್ಷವಾಗಿತ್ತು.

"ಕೂಗಿದ್ರೆ ಓಡಿಹೋಗುತ್ತಲ್ಲ ಮಾವ."

"ಓಡಿಹೋಗುತ್ತೆ."

"ಮತ್ತೆ ಎಲೆ ಊದೋದಾದ್ರೂ ಯಾಕೆ?"

"ಊದಬೇಡ ಅಂದ್ರೆ ಬಿಡ್ತೀಯಾ?"

ನೈಬೊ ಕೈಯಲ್ಲಿದ್ದ ಎಲೆಯನ್ನು ಮತ್ತೆ ಮಡಿಸಿದ.

"ಬಿಡಲ್ಲ. ನಾನೂ ಬಿಡ್ತಿರ್ಲಿಲ್ಲ. ಅದಕ್ಕೇ ಹೇಳ್ತಿರೋದು." ಅವರು ಬಿದಿರನ್ನು ನೆಲಕ್ಕೆ ಊರಿ ಎದ್ದರು. "ಇನ್ನೊಂದು. ಮನೆಯಿಂದ ಹೊರಡುವಾಗ ಎಲ್ಲಿಗೆ ಅಂತ ಹೇಳಿ ಹೊರಡ್ಬೇಕು. ಮನೆಯೋರು ಕೇಳ್ಬೇಕು. ನೀನೂ ನಿನ್ನ ಜೊತೆಯೋರನ್ನ ಕೇಳ್ಬೇಕು."

ಥೆಜಾ ಮೊದಲ ಸಲ ನಗದೆ ಬಾಯಿ ತೆರೆದ. "ಮಾವ, ಅದು ಆಗದ ಮಾತು. ಕೇಳಿದ್ರೆ ಬೇಟೆ ಕೆಡುತ್ತೆ. ನಮ್ಮಜ್ಜ ಕೋಲು ತಗೋತಾನೆ."

"ಕೆಡ್ಲಿ," ಎಂದರು ವಿಸೊ ಮಾವ.

ಆ ಸಂಜೆ ದಾರಿಯಲ್ಲಿ ನಾನು ನೈಬೊನನ್ನು ಕೇಳಿದೆ. "ಕೂಗ್ತೀಯಾ?"

"ಊರಲ್ಲಿ ಯಾರೂ ಕೂಗಲ್ಲ ಅಕ್ಕ."

"ನೀನು ಕೂಗ್ತೀಯಾ ಅಂತ ಕೇಳಿದ್ದು."

"ನೋಡೋಣ," ಎಂದು ಅವನು ಮುಂದೆ ನಡೆದುಬಿಟ್ಟ. ಮನೆಗೆ ಬಂದಾಗ ಅವ್ವ, ಎಲ್ಲ ಕಲಿತನಾ ಎಂದಳು. ಕಲಿತ ಎಂದೆ. ಆ ಒಂದು ಮಾತು ಬಿಟ್ಟು ಎಲ್ಲ ಕಲಿತಿದ್ದ. ಆ ಒಂದು ಮಾತು ಇಲ್ಲದೆ ಉಳಿದದ್ದರಿಂದ ಏನು ಪ್ರಯೋಜನ ಎಂದು ನನಗೆ ಅನ್ನಿಸುತ್ತಲೇ ಇತ್ತು.

ಬೇಟೆಯ ಬೆಳಗ್ಗೆ ಅವರ ತಂಡದ ಹುಡುಗರೆಲ್ಲ ನಮ್ಮ ಅಂಗಳದಲ್ಲಿ ಸೇರಿದ್ದರು. ಮಂಜು ಇನ್ನೂ ಹಂದಿಗೂಡಿನ ಮೇಲೆ ಕೂತಿತ್ತು. ನೈಬೊ ನೀಲಿ ಟೋಪಿ ಇಟ್ಟುಕೊಂಡು ಹೊಸಿಲಿಗೆ ಬಂದ. ಅವ್ವ ಬಾಳೆ ಎಲೆಯಲ್ಲಿ ಕಟ್ಟಿದ ಅನ್ನ ಕೊಟ್ಟಳು. ಈಗ ಅವಳು ಕೇಳಬೇಕು. ಕೇಳುತ್ತೇನೆ ಎಂದು ನನ್ನ ಹತ್ತಿರ ಹೇಳಿಯೂ ಇದ್ದಳು. ತುಟಿ ಅಲುಗಿತು. ಆಮೇಲೆ ಅವಳು ಒಲೆಯ ಕಡೆ ತಿರುಗಿಬಿಟ್ಟಳು. ಇಷ್ಟು ವರ್ಷ ತಿರುಗಿದ ಮೈ ಅದು, ತಾನಾಗಿ ತಿರುಗಿತು. ಅವಳ ಬೆನ್ನು ನೋಡಿದೆ. ಅಪ್ಪ ಹೊರಟ ದಿನವೂ ನಾನು ಹೀಗೆ ಕಂಬಕ್ಕೆ ಒರಗಿ ಇದೇ ಬೆನ್ನನ್ನು ನೋಡಿದ್ದೆ.

"ನೈಬೊ," ಎಂದೆ. "ಎಲ್ಲಿಗೆ ಹೋಗ್ತಿದೀಯ?"

ಯಾರೋ ಹಿಂದಿನಿಂದ, ಕೆಡಿಸಿಬಿಟ್ಟಳು ಎಂದ. ಓದಿದವಳಲ್ವಾ, ಎಂದ ಇನ್ನೊಬ್ಬ. ನೈಬೊನ ಕಿವಿ ಕೆಂಪಾಯಿತು. ನನ್ನನ್ನು ನೋಡಲಿಲ್ಲ, ನೆಲ ನೋಡಿದ.

"ಮೂಡಣ ಗುಡ್ಡ," ಎಂದ. "ಉಪ್ಪುಮಣ್ಣಿನ ಹಳ್ಳದ ಹತ್ರ." ಆಮೇಲೆ ತಲೆ ಎತ್ತಿ, "ನೀನೆಲ್ಲಿಗೋ ಥೆಜಾ?"

"ನನ್ನ ಮರ್ಯಾದೇನೂ ತೆಗೀತೀಯ ನೀನು." ಥೆಜಾ ಸುತ್ತ ನೋಡಿದ. "ಹೊಳೆ ದಿಣ್ಣೆ. ಸರಿನಾ? ಇವತ್ತು ನಮಗೆ ಸಿಗೋದು ನೆಗಡಿ ಒಂದೇ."

ಉಳಿದವರು ಹೇಳಲಿಲ್ಲ. ಕೋವಿ ಎತ್ತಿಕೊಂಡು ಒಬ್ಬೊಬ್ಬರೇ ಮಂಜಿನೊಳಗೆ ಹೋದರು. ಅವರಲ್ಲಿ ಯಾರು ಯಾವ ಗುಡ್ಡಕ್ಕೆ ಹೋದರೋ ಯಾರಿಗೂ ಗೊತ್ತಿರಲಿಲ್ಲ.

ಅವ್ವನಿಗೆ ಮನೆಯಲ್ಲಿ ಕೂರಲಾಗಲಿಲ್ಲ. ಊರಬಾಗಿಲ ಕೆಳಗಿನ ಸೊಪ್ಪಿನ ಹಿತ್ತಲಿಗೆ ಕೆಲಸ ಹುಡುಕಿಕೊಂಡು ಹೋದಳು. ನಾನು ಇನ್ನೂ ಕೆಳಗೆ ಇಳಿದು ನಮ್ಮ ಗದ್ದೆಯ ಗುಡಿಸಲಿಗೆ ಹೋದೆ. ಅಲ್ಲಿಂದ ಮೂಡಣ ಗುಡ್ಡ ಎದುರಿಗೇ. ವಿಸೊ ಮಾವ ಆಗಲೇ ಬಂದು ಕೂತಿದ್ದರು, ಬಿದಿರು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು. ನಾನು ಕೊಟ್ಟ ಚಹಾ ತೆಗೆದುಕೊಂಡರು, ಕುಡಿಯಲಿಲ್ಲ.

ಬಿಸಿಲು ಗುಡ್ಡದ ನೆತ್ತಿಗೆ ಬಂತು. ಹಕ್ಕಿಯೊಂದು ಒಂದೇ ಸ್ವರವನ್ನು ಬಡಿಯುತ್ತಿತ್ತು. ಆಮೇಲೆ ಎಲೆಯ ಸದ್ದು ಬಂತು.

ತೆಳ್ಳಗೆ, ಬಹಳ ದೂರದಿಂದ. ಕೊನೆಯಲ್ಲಿ ಒಡೆದು ಮೇಲೆ ಹೋಯಿತು. ನನ್ನ ತಮ್ಮ ಎಂದು ಗೊತ್ತಿದ್ದೂ ನನಗೆ ಅಪ್ಪ ಅನ್ನಿಸಿತು. ವಿಸೊ ಮಾವನಿಗೆ ಏನು ಅನ್ನಿಸಿತೋ, ಕಣ್ಣು ಮುಚ್ಚಿಕೊಂಡಿದ್ದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಅದೇ ಸದ್ದು. ಮತ್ತೆ ಸುಮ್ಮನೆ.

ಆಗ ಗುಡ್ಡದ ಆ ಮಗ್ಗುಲಿನಿಂದ ಇನ್ನೊಂದು ದನಿ ಓಗೊಟ್ಟಿತು.

ವಿಸೊ ಮಾವ ಕಣ್ಣು ತೆರೆದರು. ನಾನು ಅವರ ಮುಖ ನೋಡಿದೆ. ಅದು ಕಾಡುಕುರಿಯೋ ಮನುಷ್ಯನೋ ಎಂದು ಆ ಮುಖದಿಂದ ತಿಳಿದುಕೊಳ್ಳಬಹುದು ಎಂದುಕೊಂಡಿದ್ದೆ. ಅಲ್ಲಿ ಏನೂ ಇರಲಿಲ್ಲ. ಎಲೆ ಮತ್ತೆ ಕೂಗಿತು. ಆ ದನಿ ಮತ್ತೆ ಓಗೊಟ್ಟಿತು, ಈ ಸಲ ಇನ್ನೂ ಹತ್ತಿರ.

"ಕೂಗು," ಎಂದರು ವಿಸೊ ಮಾವ, ಎದುರಿಗೆ ಯಾರೋ ಕೂತಿದ್ದಾರೆ ಅನ್ನುವ ಹಾಗೆ. "ಕೂಗು ಮಗಾ."

ಗಾಳಿಯೂ ನಿಂತಿತ್ತು ಎಂದು ಬರೆಯಬೇಕು ಅನ್ನಿಸುತ್ತದೆ. ನಿಂತಿರಲಿಲ್ಲ. ಕೂಳೆಯ ಮೇಲೆ ಎಂದಿನಂತೆ ಹರಿಯುತ್ತಿತ್ತು, ಹಕ್ಕಿ ಎಂದಿನಂತೆ ಬಡಿಯುತ್ತಿತ್ತು. ನಾನು ಈಡಿನ ಸದ್ದಿಗಾಗಿ ಕಾಯುತ್ತಿದ್ದೆ. ಅದು ಬರದಿರಲಿ ಎಂದೇ ಕ್ಷಣಕ್ಷಣವೂ ಅದಕ್ಕಾಗಿ ಕಾಯುತ್ತಿದ್ದೆ. ತಂಡದ ಹುಡುಗರ ಮುಖಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ಇವನ ತಾಯಿ ಯಾರು, ಅವನ ತಾಯಿ ಯಾರು.

"ಓ..."

ನೈಬೊನ ದನಿ. ಒಡೆದು, ನಡುಗಿ, ಹದಿಮೂರು ವರ್ಷದವನ ದನಿಯ ಹಾಗೆ ಕೇಳಿಸಿತು.

"ಓ... ನಾನು ಮೆಡೊನ ಮಗ, ನೈಬೊ. ಅಲ್ಲಿ ಯಾರು?"

ಗುಡ್ಡ ಆ ಹೆಸರನ್ನು ತೆಗೆದುಕೊಂಡು ಎದುರಿನ ಗುಡ್ಡಕ್ಕೆ ಕೊಟ್ಟಿತು. ಮೆಡೊನ ಮಗ, ಮೆಡೊನ ಮಗ. ವಿಸೊ ಮಾವನ ತಲೆ ಎದೆಯ ಮೇಲೆ ಇಳಿಯಿತು. ಆಮೇಲೆ ಗುಡ್ಡದ ಆಚೆ ನಾಯಿ ಬೊಗಳಿದಂಥ ಗಡಸು ಕೂಗೊಂದು ಕೇಳಿಸಿತು. ಮತ್ತೊಮ್ಮೆ, ಇನ್ನೂ ದೂರದಲ್ಲಿ. ಬೆದರಿದ ಕಾಡುಕುರಿ ಆ ಮಗ್ಗುಲಿನ ಇಳಿಜಾರಿನಲ್ಲಿ ಓಡುತ್ತಿತ್ತು.

ವಿಸೊ ಮಾವ ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಬಟ್ಟಲನ್ನು ನನ್ನ ಕೈಗೆ ಕೊಟ್ಟರು.

ನೈಬೊ ಇಳಿದು ಬಂದಾಗ ಮಧ್ಯಾಹ್ನ ವಾಲಿತ್ತು. ಕೋವಿಯ ಬಾಯಿ ನೆಲ ನೋಡುತ್ತಿತ್ತು. ಗದ್ದೆಯ ಅಂಚಿಗೆ ಬಂದವನು ನಿಂತು, ಮೇಲಿನ ಜೇಬು ತಟ್ಟಿ ಕೇಪು ಅಲ್ಲೇ ಇದೆಯೇ ಎಂದು ನೋಡಿಕೊಂಡೇ ಹತ್ತಿದ. ಮುಖ ಬಿಗಿದಿತ್ತು.

"ಕಾಡುಕುರೀನೇ ಆಗಿತ್ತು," ಎಂದ. "ಎರಡು ಮಾರು ಬಂದಿದ್ರೆ ಕಾಣ್ತಿತ್ತು."

"ಹ್ಞೂಂ," ಎಂದರು ವಿಸೊ ಮಾವ.

"ಇನ್ನೊಂದು ಚೂರು ಕಾದಿದ್ರೆ ಬಯಲಿಗೆ ಬರ್ತಿತ್ತೇನೋ. ಹಬ್ಬಕ್ಕೆ ನಾನೀಗ ಬದನೇಕಾಯಿ ತಗೊಂಡ್ಹೋಗ್ಬೇಕು. ಥೆಜಾ ಸಾಯೋವರೆಗೂ ಹೇಳ್ತಾನೆ." ಅವನು ಟೋಪಿ ತೆಗೆದು ತೊಡೆಗೆ ಹೊಡೆದುಕೊಂಡ. ಆಮೇಲೆ ದನಿ ತಗ್ಗಿಸಿ ಕೇಳಿದ. "ಇಲ್ಲಿಂದ ಕೇಳಿದ್ರಲ್ಲ ಮಾವ. ಅದು ಓಗೊಟ್ಟಾಗ, ನಿಮಗೆ ಗೊತ್ತಾಗಿತ್ತು ಅಲ್ವಾ, ಕಾಡುಕುರಿ ಅಂತ?"

"ಇಲ್ಲ."

"ನಿಮಗೂ?"

"ಇಲ್ಲ. ಅದು ಬೊಗಳೋವರೆಗೂ ನನಗೆ ಗೊತ್ತಾಗ್ಲಿಲ್ಲ."

ನೈಬೊ ಅವರನ್ನೇ ನೋಡುತ್ತಿದ್ದ. ಅವನ ಮುಖದ ಬಿಗಿ ಮೆಲ್ಲಗೆ ಸಡಿಲವಾಯಿತು. ಅದರ ಕೆಳಗಿದ್ದದ್ದು ಕೋಪವಲ್ಲ, ಹೆದರಿಕೆ. ಬೆಳಗಿನಿಂದ ಹೊತ್ತು ತಂದ ಹೆದರಿಕೆ. ಅವನು ಗುಡಿಸಲಿನ ಮೆಟ್ಟಿಲಿನ ಮೇಲೆ ಕೂತ. "ಕುದುರೆ ಇಳಿಸುವಾಗ ಹೆಬ್ಬೆರಳು ಬೆವರಿತ್ತು ಮಾವ. ಜಾರುತ್ತೆ ಅಂದ್ಕೊಂಡೆ."

"ಬಾಯಿ ಎತ್ತ ಇತ್ತು?"

"ನೆಲಕ್ಕೆ."

"ಹಾಗಾದ್ರೆ ಜಾರಿದ್ರೂ ನೆಲಕ್ಕೆ."

ಕೋವಿ ಇನ್ನೂ ತುಂಬಿಯೇ ಇತ್ತು. ಧರೆಗೆ ಹೊಡೆದು ಖಾಲಿ ಮಾಡಬೇಕಿತ್ತು. ನೈಬೊ ಎದ್ದು ಮಣ್ಣಿನ ಧರೆಯ ಕಡೆ ತಿರುಗಿದಾಗ ವಿಸೊ ಮಾವ ಕೈ ಅಡ್ಡ ಹಿಡಿದರು. ಮೇಲೆ, ಊರಬಾಗಿಲ ಕೆಳಗೆ, ಸೊಪ್ಪಿನ ಹಿತ್ತಲಲ್ಲಿ ಅವ್ವನ ಕಪ್ಪು ಹೊದಿಕೆ ಚುಕ್ಕೆಯ ಹಾಗೆ ಕಾಣುತ್ತಿತ್ತು. ಅವಳಿಗೆ ನಾವು ಕಾಣುತ್ತಿರಲಿಲ್ಲ, ಗುಡಿಸಲಿನ ನೆರಳಿನಲ್ಲಿದ್ದೆವು.

"ಈಡು ಕೇಳಿದ್ರೆ ಅವಳು ಏನಂದ್ಕೋತಾಳೆ?" ಎಂದರು. "ಮೊದಲು ಹೇಳಿ."

ನೈಬೊನ ದನಿ ಗುಡ್ಡದಲ್ಲೇ ಮುಗಿದುಹೋಗಿತ್ತು. ಬಾಯಿ ತೆರೆದ, ಸದ್ದು ಬರಲಿಲ್ಲ. ವಿಸೊ ಮಾವ ನನ್ನನ್ನು ನೋಡಿದರು. ಅವರು ಕೂಗಲಾರರು. ಅಪ್ಪನನ್ನು ಹೊತ್ತು ತಂದಿಳಿಸಿದ ಈ ಗದ್ದೆಯಿಂದ ಅವ್ವನಿಗೆ ಅವರ ದನಿ ಕೇಳಿಸುವುದು ಹೇಗಿರುತ್ತದೆ ಎಂದು ಮೂವರಿಗೂ ಗೊತ್ತಿತ್ತು.

ಗುಡಿಸಲಿನ ಈಚೆ ಬಂದು, ಗದ್ದೆಯ ನಡುವೆ ನಿಂತು ಬಾಯಿಗೆ ಎರಡೂ ಕೈ ಹಿಡಿದೆ.

"ಅವ್ವಾ... ಧರೆಗೆ ಹೊಡೀತಿದೀವಿ... ಎಲ್ರೂ ಇಲ್ಲೇ ಇದೀವಿ..."

ನನ್ನ ದನಿ ಅಷ್ಟು ದೂರ ಹೋಗುತ್ತದೆ ಎಂದು ನನಗೆ ತಿಳಿದಿರಲಿಲ್ಲ. ಮೆಟ್ಟಿಲಿನಿಂದ ಮೆಟ್ಟಿಲಿಗೆ ಹತ್ತಿ ಹೋಯಿತು. ಚುಕ್ಕೆ ನೆಟ್ಟಗೆ ನಿಂತಿತು. ಹೊದಿಕೆಯನ್ನು ಎತ್ತಿ ಬೀಸಿತು.

"ಕೇಳ್ತು..." ಎಂದು ಬಂತು ಮೇಲಿನಿಂದ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು. "ವಿಸೊನ್ನೂ ಉಣ್ಣೋಕೆ ಕರ್ಕೊಂಡ್ಬಾ..."

ನೈಬೊ ಕೇಪು ಇಟ್ಟು, ನಾವಿಬ್ಬರೂ ಅವನ ಹಿಂದೆ ಇದ್ದೇವೆಯೇ ಎಂದು ತಿರುಗಿ ನೋಡಿ, ಹೊಡೆದ. ಧರೆಯಿಂದ ಮಣ್ಣು ಚಿಮ್ಮಿತು. ವಿಸೊ ಮಾವ ಕಿವಿ ಮುಚ್ಚಿಕೊಳ್ಳಲಿಲ್ಲ. ಹೊಗೆ ಕರಗುವವರೆಗೂ ಮಣ್ಣಿನಲ್ಲಿ ಆದ ಆ ಕಪ್ಪು ತೂತನ್ನು ನೋಡುತ್ತಾ ನಿಂತಿದ್ದರು.

ಊರ ಕಡೆ ಏರುವ ದಾರಿ ಒಂದು ಕಡೆ ಕವಲೊಡೆಯುತ್ತದೆ. ಬಲಕ್ಕೆ ನಮ್ಮ ಕೇರಿ. ಎಡಕ್ಕೆ, ಹಂದಿಗೂಡುಗಳ ಹಿಂದಿನಿಂದ, ಎರಡು ವರ್ಷದಿಂದ ವಿಸೊ ಮಾವ ಹಿಡಿಯುತ್ತಿದ್ದ ಬಳಸುದಾರಿ. ನೈಬೊ ಮುಂದೆ ಹೋಗಿಬಿಟ್ಟಿದ್ದ. ನಾನು ಹಿಂದೆ ಇದ್ದೆ. ವಿಸೊ ಮಾವ ಕವಲಿನಲ್ಲಿ ನಿಂತರು. ಬಿದಿರನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ಅವರ ಕಾಲು ಎಡಕ್ಕೆ ತಿರುಗಿತ್ತು. ಅವ್ವನ ಮೈ ಒಲೆಯ ಕಡೆ ತಿರುಗಿದ ಹಾಗೆಯೇ.

"ಎಲ್ಲಿಗೆ ಮಾವ?" ಎಂದೆ.

ಅವರು ನನ್ನನ್ನು ನೋಡಿದರು. ಕೇಳಿದ ಮೇಲೆ ಹೇಳಲೇಬೇಕು ಎಂದು ಹೇಳಿಕೊಟ್ಟವರು ಅವರೇ.

"ಮೆಡೊನ ಮನೆಗೆ," ಎಂದರು.

ಬಿದಿರನ್ನು ಅಲ್ಲೇ ದಾರಿಬದಿಯ ಕಲ್ಲಿಗೆ ಒರಗಿಸಿ ಬಲಕ್ಕೆ ಹತ್ತಿದರು. ನಮ್ಮ ಮನೆಯ ಒಲೆಯಿಂದ ಹೊಗೆ ಆಗಲೇ ಏಳುತ್ತಿತ್ತು.